ಪಾಸಿರ್ ರಿಸ್‌ನ ಪಾಲೆಮರ

ಯಶ್ಮಿತಾ ಈಗ ಸಿಂಗಾಪುರದ ಯಿಶುನ್‌ನ ಒಂದು ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸದಲ್ಲಿದ್ದಾಳೆ. ಮುಂದಿನ ತಿಂಗಳು ಎಲ್ಲಿರುತ್ತಾಳೋ ಅವಳಿಗೂ ಗೊತ್ತಿಲ್ಲ, ಅವಳ ಏಜೆನ್ಸಿಗೂ ಗೊತ್ತಿಲ್ಲ. ಟ್ರಾವೆಲ್ ನರ್ಸ್ ಎಂದರೆ ಹಾಗೆಯೇ. ಎಲ್ಲಿ ಜನ ಸಾಲದೋ ಅಲ್ಲಿಗೆ ಮೂರು ತಿಂಗಳು, ಅಲ್ಲಿಂದ ಎತ್ತಿ ಇನ್ನೊಂದು ಕಡೆಗೆ. ಊರಲ್ಲಿರುವ ಅವಳ ಅಮ್ಮನಿಗೆ ಇದು ಇವತ್ತಿಗೂ ತಲೆಗೆ ಹತ್ತಿಲ್ಲ. “ಟ್ರಾವೆಲ್ ಅಂದ್ರೆ ಎಂತ, ಬಸ್ಸಿನವರಾ?” ಎಂದು ನೆರೆಮನೆಯವರು ಕೇಳಿದರೆ “ಹೌದು, ಹಾಗೇ ಎಂತದೋ” ಎಂದು ಹೇಳಿ ಕೈತೊಳೆದುಕೊಳ್ಳುತ್ತಾಳೆ.

ಇಷ್ಟು ವರ್ಷಗಳಲ್ಲಿ ಯಶ್ಮಿತಾ ಎಷ್ಟೋ ಮನೆ, ಎಷ್ಟೋ ವಾರ್ಡು ನೋಡಿದ್ದಾಳೆ. ಹಲವು ಹೆಸರುಗಳು ಮರೆತೂ ಹೋಗಿವೆ, ಅದರಲ್ಲಿ ಮುಚ್ಚಿಡುವಂಥದ್ದು ಏನಿಲ್ಲ. ಆದರೆ ಜುಲೈ ಮುಗಿಯುತ್ತ ಬಂದ ಹಾಗೆ, ಊಟದ ಬಿಡುವಿನಲ್ಲಿ ಕಿಟಕಿ ಪಕ್ಕ ಕೂತಾಗ, ಅವಳಿಗೆ ನೆನಪಾಗುವುದು ಒಂದೇ ಮನೆ. ಪಾಸಿರ್ ರಿಸ್‌ನ ಆ ಎಂಟನೇ ಮಹಡಿಯ ಫ್ಲಾಟು. ಅದು ಅವಳ ಮೊದಲನೆಯ ಕಾಂಟ್ರಾಕ್ಟು. ಅಲ್ಲಿ ಅವಳು ಮಾಡಿದ ಎಡವಟ್ಟನ್ನು ನಮ್ಮ ತುಳುನಾಡಿನ ಹುಡುಗಿಯೊಬ್ಬಳು ಮಾತ್ರ ಮಾಡಲು ಸಾಧ್ಯ. ಬೇರೆಯವರಿಗೆ ಅಂಥ ಬುದ್ಧಿ ಹೊಳೆಯುವುದೂ ಇಲ್ಲ ಬಿಡಿ.

ಆಗ ಅವಳು ಸಿಂಗಾಪುರಕ್ಕೆ ಬಂದು ಇನ್ನೂ ಸರಿಯಾಗಿ ಉಸಿರು ಬಿಟ್ಟಿರಲಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ನಾಲ್ಕು ವರ್ಷ ದುಡಿದವಳು, ಹಿಂದಿನ ದೀಪಾವಳಿ ಕಳೆದ ಮೇಲೆ ಅಪ್ಪ ಅಲ್ಲೇ ತೀರಿಕೊಂಡಾಗ, ಆ ಆಸ್ಪತ್ರೆಯ ಕಾರಿಡಾರಿನಲ್ಲಿ ಓಡಾಡಲು ಮನಸ್ಸಾಗದೆ ಬಿಟ್ಟು ಬಂದಿದ್ದಳು. ಏಜೆನ್ಸಿಯಲ್ಲಿ ಹೊಸಬರನ್ನು ನೋಡಿಕೊಳ್ಳುತ್ತಿದ್ದವಳು ಜಲಜಾ, ಕಾಪು ಕಡೆಯವಳು. ಮೊದಲ ದಿನವೇ ಅವಳು ಎದುರು ಕೂರಿಸಿ ಉಪದೇಶ ಮಾಡಿದಳು.

“ನೋಡು ಯಶ್ಮಿ, ಸೂಟ್‌ಕೇಸ್ ಪೂರ್ತಿ ಅನ್‌ಪ್ಯಾಕ್ ಮಾಡ್ಬೇಡ. ಪೇಷೆಂಟ್ ಮನೆಯಲ್ಲಿ ಊಟ ಬೇಡ, ನಿನ್ನ ಡಬ್ಬಿ ನೀನು ತಗೊಂಡು ಹೋಗು. ಅಳ್ಬೇಡ. ಮೂರು ತಿಂಗಳಾದ ಕೂಡಲೇ ಬಾಯ್ ಹೇಳಿ ಬಾ. ಫಸ್ಟ್ ಕಾಂಟ್ರಾಕ್ಟ್ ಮಧ್ಯದಲ್ಲಿ ಮನೆಯವರು ನಿನ್ನನ್ನು ಬೇಡ ಅಂದ್ರೆ ನಂಗೂ ಏನೂ ಮಾಡ್ಲಿಕ್ಕಾಗುದಿಲ್ಲ, ಸೀದಾ ಫ್ಲೈಟ್ ಹತ್ತಬೇಕು.”

“ಆಯ್ತಕ್ಕ,” ಎಂದಳು ಯಶ್ಮಿತಾ. ಅಪ್ಪ ಇಲ್ಲದ ಮನೆಗೆ ಕೆಲಸವೂ ಇಲ್ಲದೆ ವಾಪಸು ಹೋಗುವುದು ಅವಳಿಂದ ಆಗದ ಮಾತಾಗಿತ್ತು.

ಪಾಸಿರ್ ರಿಸ್‌ನ ಆ ಫ್ಲಾಟು ಪೃಥ್ವಿರಾಜ್‌ನದು. ಬ್ಯಾಂಕೊಂದರ ಐಟಿ ವಿಭಾಗದಲ್ಲಿ ಕೆಲಸ, ಉಡುಪಿ ಮೂಲ. ಹೆಂಡತಿ ನಿಶ್ಚಿತಾ ಮೈಸೂರಿನವಳು, ಹಾಗಾಗಿ ಮನೆಯಲ್ಲಿ ಕನ್ನಡ. ಮಗಳು ಭೂಮಿಗೆ ಎಂಟು ವರ್ಷ, ಅವಳ ಕನ್ನಡಕ್ಕೆ ಪ್ರತಿ ವಾಕ್ಯದ ತುದಿಯಲ್ಲೂ ಸಿಂಗಾಪುರದವರ ಒಂದು ‘ಲಾ’. ಮತ್ತೆ ಪೃಥ್ವಿರಾಜ್‌ನ ತಂದೆ ಉಗ್ಗಪ್ಪ. ಮೊಮ್ಮಗಳನ್ನು ನೋಡಲೆಂದು ಬಂದವರಿಗೆ ಇಲ್ಲಿಯೇ ಸ್ಟ್ರೋಕ್ ಆಗಿ ಮುಖದ ಬಲಬದಿ, ಬಲಗೈ, ಬಲಗಾಲು ಸೋತಿದ್ದವು. ಹೃದಯದ ತೊಂದರೆ ಮೊದಲಿನಿಂದಲೂ ಇತ್ತು, ರಕ್ತ ತೆಳುವಾಗಲು ಮಾತ್ರೆ ನಡೆಯುತ್ತಿತ್ತು. ಹಗಲಿಡೀ ಅವರನ್ನು ನೋಡಿಕೊಳ್ಳುವುದು, ಕೈಕಾಲಿಗೆ ವ್ಯಾಯಾಮ ಮಾಡಿಸುವುದು ಯಶ್ಮಿತಾಳ ಕೆಲಸ.

ಉಗ್ಗಪ್ಪ ಉಡುಪಿ, ಕಾರ್ಕಳ, ಮಂಗಳೂರು ನಡುವಿನ ಪ್ರೈವೇಟ್ ಬಸ್ಸುಗಳಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದವರು. ಬಸ್ಸು ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಬಸ್ಸು ಅವರನ್ನು ಬಿಟ್ಟಿರಲಿಲ್ಲ.

“ಯಾವೂರು?” ಎಂದು ಕೇಳಿದರು ಮೊದಲ ದಿನ, ಮುಖ ಆಚೆ ತಿರುಗಿಸಿಕೊಂಡೇ.

“ಮಂಗಳೂರು ಕಡೆ.”

“ಕಡೆ ಅಂದ್ರೆ ಎಲ್ಲಿ? ಸಮುದ್ರದಲ್ಲಾ?”

“ಕಿನ್ನಿಗೋಳಿ.”

“ಹಾಗೆ ಹೇಳು ಮಾರಾಯ್ತಿ. ಕಿನ್ನಿಗೋಳಿಯಲ್ಲಿ ಎಲ್ಲಿ ಇಳಿಯುದು?”

“ಪೇಟೆ ದಾಟಿ, ಅಕ್ಕಿ ಮಿಲ್ಲಿನ ಹತ್ರ.”

“ಅಲ್ಲಿ ಸ್ಟಾಪ್ ಇಲ್ಲ,” ಎಂದು ತಟ್ಟನೆ ಈಚೆ ತಿರುಗಿದರು ಉಗ್ಗಪ್ಪ. “ಆದ್ರೆ ಮುದುಕರು, ಮಕ್ಕಳು ಕೈ ತೋರಿಸಿದ್ರೆ ನಿಲ್ಲಿಸ್ತಾರೆ. ಬಾ, ಕೂತ್ಕೊ.”

ಅಷ್ಟೇ. ಅಲ್ಲಿಂದ ಇಬ್ಬರದೂ ತುಳು. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಆ ಫ್ಲಾಟಿನಲ್ಲಿ ಸಂಜೆಯವರೆಗೆ ತುಳುವೇ ನಡೆಯುತ್ತಿತ್ತು. ಸೋತ ಕಾಲನ್ನು ಎತ್ತಿ ಇಡಬೇಕಾದರೆ ಉಗ್ಗಪ್ಪ ತಮಗೆ ತಾವೇ “ರೈಟ್, ಹೋಗ್ಲಿ” ಎನ್ನುತ್ತಿದ್ದರು. ಸುಸ್ತಾದರೆ “ಹೋಲ್ಡೇನ್!” ಎಂದು ಬಸ್ಸು ನಿಲ್ಲಿಸುವವರಂತೆ ಕೂಗಿ ಗೋಡೆ ಹಿಡಿದು ನಿಲ್ಲುತ್ತಿದ್ದರು. ಕೈಯ ವ್ಯಾಯಾಮ ಮಾತ್ರ ಅವರಿಗೆ ಕಂಡರಾಗದು. ಬಲಗೈಯಲ್ಲಿ ಪ್ಲಾಸ್ಟಿಕ್ ಲೋಟ ಹಿಡಿದು ಮೇಲೆತ್ತಬೇಕು, ಇಳಿಸಬೇಕು. “ಖಾಲಿ ಲೋಟ ಎತ್ತಿ ಇಳಿಸುದು ಹುಚ್ಚರ ಕೆಲಸ,” ಎಂದು ಬೈಯುತ್ತಲೇ ಅವಳ ಮುಖ ನೋಡಿ ನಾಲ್ಕು ಸಲ ಎತ್ತುತ್ತಿದ್ದರು. ಯಶ್ಮಿತಾ ಈಗಲೂ ಹೇಳುತ್ತಾಳೆ, ಅಷ್ಟು ಬೈಸಿಕೊಂಡು ಅಷ್ಟು ಖುಷಿಯಾಗಿ ಅವಳು ಬೇರೆಲ್ಲೂ ಕೆಲಸ ಮಾಡಿಲ್ಲವಂತೆ.

ಸಂಜೆ ವೀಲ್‌ಚೇರಿನಲ್ಲಿ ಸಮುದ್ರದ ಬದಿಯ ಪಾರ್ಕಿಗೆ ಹೋಗುವುದು ರೂಢಿ. ಒಂದು ದಿನ ಅಲ್ಲಿ ಉಗ್ಗಪ್ಪ ಇದ್ದಕ್ಕಿದ್ದಂತೆ “ಹೋಲ್ಡೇನ್, ಹೋಲ್ಡೇನ್!” ಎಂದು ಚೀರಿದರು. ಮತ್ತೊಂದು ಸ್ಟ್ರೋಕ್ ಎಂದುಕೊಂಡು ಯಶ್ಮಿತಾ ಮುಂದೆ ಬಂದು ನೋಡಿದರೆ ಮುದುಕ ಬಾಯ್ತುಂಬ ನಗುತ್ತ ಒಂದು ಮರವನ್ನು ನೋಡುತ್ತಿದ್ದಾರೆ.

“ಎಲೆ ನೋಡು! ಕೊಡೆ ಬಿಡಿಸಿದ ಹಾಗೆ ಸುತ್ತ ಏಳು. ಪಾಲೆ ಅಲ್ವಾ ಇದು! ಪಾಲೆಮರ ಮಾರಾಯ್ತಿ!”

ಬುಡದಲ್ಲಿ ಪಾರ್ಕಿನವರು ನೆಟ್ಟ ಬೋರ್ಡಿನಲ್ಲಿ ಪುಲಾಯ್ ಎಂದು ಬರೆದಿತ್ತು. ಹೆಸರಿಗೇನು, ಮರ ಅದೇ. ಕನ್ನಡದವರು ಹಾಲೆ ಅನ್ನುತ್ತಾರಲ್ಲ, ಅದೇ. ಉಗ್ಗಪ್ಪ ಎಡಗೈ ಚಾಚಿ ತೊಗಟೆ ಸವರಿದರು, ಬೆರಳು ಮೂಸಿದರು, ಯಶ್ಮಿತಾಳಿಗೂ ಮೂಸಲು ಹೇಳಿದರು. ಅವಳು ಮೂಸಿದಳು. ಅವಳ ಕಣ್ಣು ತುಂಬಿ ಬಂತು, ಗಾಳಿಗೆ ಧೂಳು ಬಿತ್ತು ಎಂದು ಸುಳ್ಳು ಹೇಳಿದಳು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮಲ್ಲಿ ಆಟಿ ತಿಂಗಳ, ಅಂದರೆ ಆಷಾಢದ, ಅಮಾವಾಸ್ಯೆಯ ದಿನ, ಬೆಳಕು ಹರಿಯುವ ಮೊದಲು ಮನೆಯ ಗಂಡಸು ಹೋಗಿ ಪಾಲೆಮರದ ತೊಗಟೆ ತರಬೇಕು. ಕತ್ತಿ ಮುಟ್ಟಿಸುವಂತಿಲ್ಲ, ಕಲ್ಲಿನಿಂದ ಜಜ್ಜಿ ಕೀಳಬೇಕು. ಅರೆದು ರಸ ಹಿಂಡಿ, ಕಾದ ಬೆಣಚುಕಲ್ಲು ಹಾಕಿ, ಓಮ, ಬೆಳ್ಳುಳ್ಳಿ, ಕಾಳುಮೆಣಸಿನ ಒಗ್ಗರಣೆ ಕೊಟ್ಟು, ಸೂರ್ಯ ಹುಟ್ಟುವ ಮೊದಲು ಖಾಲಿ ಹೊಟ್ಟೆಗೆ ಕುಡಿಯಬೇಕು. ಅಬ್ಬಬ್ಬಾ, ಆ ಕಹಿ! ಕುಡಿದವರಿಗೇ ಗೊತ್ತು. ಕುಡಿದ ಮೇಲೆ ತಂಪಿಗೆ ಮೆಂತೆ ಗಂಜಿ. ವರ್ಷದ ಕಾಯಿಲೆಯೆಲ್ಲ ಹೋಗುತ್ತದೆ ಎನ್ನುತ್ತಾರೆ. ಹೋಗುತ್ತದೋ ಬಿಡುತ್ತದೋ, ಕುಡಿಯದೆ ಬಿಟ್ಟವರಂತೂ ನಮ್ಮ ಕಡೆ ಇಲ್ಲ.

ಯಶ್ಮಿತಾಳ ಮನೆಯಲ್ಲಿ ತರುತ್ತಿದ್ದುದು ಅಪ್ಪ. ಚಾಪೆಯಲ್ಲಿ ಮಲಗಿದವಳನ್ನು ಎಬ್ಬಿಸಿ, ಮೂಗು ಹಿಡಿದು, ಗಂಟಲಿಗೆ ಹೊಯ್ದು, ಅವಳು ಬಾಯಿ ಮುಚ್ಚುವ ಮೊದಲೇ ಬೆಲ್ಲದ ತುಂಡು ತುರುಕುತ್ತಿದ್ದ. ನರ್ಸಾಗಿ ನೌಕರಿ ಹಿಡಿದ ಮೇಲೂ ಅಷ್ಟೇ. ನೈಟ್ ಡ್ಯೂಟಿ ಮುಗಿಸಿ ಬೆಳಗಿನ ಬಸ್ಸಿಗೆ ಬಂದು ಜಗಲಿಯಲ್ಲಿ ಕೂತರೆ, ಯೂನಿಫಾರ್ಮಿನಲ್ಲೇ ಮೂಗು ಹಿಡಿದು ಕುಡಿಸಿದ್ದ.

ಆ ವರ್ಷದ ಆಟಿ ಹತ್ತಿರ ಬಂತು. ಒಂದು ಮಧ್ಯಾಹ್ನ ಉಗ್ಗಪ್ಪ ಅವಳ ಕೈಗೆ ಮೊಬೈಲ್ ಕೊಟ್ಟು ಅಮಾವಾಸ್ಯೆ ಯಾವತ್ತು ಎಂದು ನೋಡಿಸಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು, “ನಂಗೆ ನಡಿಲಿಕ್ಕೆ ಆಗುದಿಲ್ಲ. ನೀನು ಹೋಗಿ ಒಂದು ಅಂಗೈಯಷ್ಟು ತೊಗಟೆ ತಾ. ಮರಕ್ಕೆ ನಾನು ಹೇಳಿದ್ದೇನೆ.”

ಯಶ್ಮಿತಾಳ ಒಳಗಿನ ಹುಡುಗಿ ಕುಣಿದಳು. ಹೊರಗಿನ ನರ್ಸು ಅವಳನ್ನು ಹಿಡಿದು ಕೂರಿಸಿದಳು. ಪಾರ್ಕಿನ ಮರದ ಸಿಪ್ಪೆ ಕಿತ್ತರೆ ಈ ಊರಲ್ಲಿ ಸುಮ್ಮನೆ ಬಿಡುತ್ತಾರೆಯೇ? ಅದಕ್ಕಿಂತ ಹೆಚ್ಚಾಗಿ, ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೆ ಇಂಥ ಕಷಾಯ ಕೊಟ್ಟು ಏನಾದರೂ ಹೆಚ್ಚುಕಡಿಮೆಯಾದರೆ? ಅವಳು ಎದ್ದು ನಿಂತಳು. ವಾರ್ಡಿನಲ್ಲಿ ರೋಗಿಗಳ ಹತ್ತಿರ ಮಾತಾಡುವ ದನಿಯಲ್ಲಿ, ತುಳು ಬಿಟ್ಟು ಕನ್ನಡದಲ್ಲಿ, “ಆಗುವುದಿಲ್ಲ ಅಜ್ಜ. ನಿಮ್ಮ ಮಾತ್ರೆಗೆ ಅದು ಡೇಂಜರ್,” ಎಂದಳು.

ಉಗ್ಗಪ್ಪ ಅವಳನ್ನೇ ನೋಡಿದರು. ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು.

ಸಂಜೆ, ಶಾಲೆ ಬಿಟ್ಟು ಬಂದು ಬಾಗಿಲಲ್ಲೇ ಇದನ್ನು ಕೇಳಿಸಿಕೊಂಡಿದ್ದ ಭೂಮಿಯ ಬಾಯಿಂದ ಪೃಥ್ವಿರಾಜ್‌ನಿಗೂ ವಿಷಯ ಗೊತ್ತಾಯಿತು. ಅವನು ಲ್ಯಾಪ್‌ಟಾಪಿನ ಬ್ಯಾಗು ಕೆಳಗಿಡುವ ಮೊದಲೇ ಶುರುಮಾಡಿದ. “ಸಿಸ್ಟರ್, ಕ್ಲಿಯರ್ ಆಗಿ ಹೇಳ್ತಿದೀನಿ. ಪಪ್ಪನಿಗೆ ಯಾವ ನಾಟಿ ಮದ್ದೂ ಬೇಡ. ಅವರು ಎಮೋಷನಲ್ ಆಗಿ ಕೇಳ್ತಾರೆ, ನೀವು ಮೆಲ್ಟ್ ಆಗ್ಬೇಡಿ. ಒಂದು ಡ್ರಾಪ್ ಕೊಟ್ಟಿದ್ದು ಗೊತ್ತಾದ್ರೂ ಏಜೆನ್ಸಿಗೆ ಕಾಲ್ ಮಾಡ್ತೀನಿ.”

“ನಾನೂ ಬೇಡ ಅಂತಲೇ ಹೇಳಿದ್ದೇನೆ ಸರ್,” ಎಂದಳು ಯಶ್ಮಿತಾ.

ಮರುದಿನದಿಂದ ಉಗ್ಗಪ್ಪನ ಬಾಯಿಗೆ ಬೀಗ. ತುಳು ಇಲ್ಲ, ಬೈಗುಳ ಇಲ್ಲ, ರೈಟ್ ಇಲ್ಲ, ಹೋಲ್ಡೇನ್ ಇಲ್ಲ. ಕಾಲು ಎತ್ತಿ ಎಂದರೆ ಕೇಳಿಸದವರಂತೆ ಕೂತಿರುತ್ತಿದ್ದರು. ಲೋಟವನ್ನಂತೂ ಮುಟ್ಟಲಿಲ್ಲ. ಮಾತ್ರೆ ಮಾತ್ರ ತಪ್ಪದೆ ನುಂಗುತ್ತಿದ್ದರು. ಗಂಜಿಯನ್ನು ಎರಡು ಚಮಚಕ್ಕೆ ಸಾಕು ಮಾಡುತ್ತಿದ್ದರು. ಒಂದು ಸಲ, ಒಂದೇ ಸಲ, ಅವಳು ಚಮಚ ಹಿಡಿದಾಗ, “ನಿನ್ನನ್ನು ನಾನು ಊರವಳು ಅಂದ್ಕೊಂಡೆ,” ಎಂದರು. ಅವಳು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಜಲಜಾಳ ಉಪದೇಶದಲ್ಲಿ ಒಂದು ಅಲ್ಲಿಗೆ ಹಾಳಾಯಿತು.

ವಾರ ಕಳೆಯುವಷ್ಟರಲ್ಲಿ ಫಿಸಿಯೋದವರು ಬಂದು ನೋಡಿ ತಲೆಯಾಡಿಸಿದರು. ಕೈ ಮತ್ತೆ ಬಿಗಿಯಾಗುತ್ತಿದೆ, ಈಗ ಬಿಟ್ಟರೆ ಆಮೇಲೆ ಬಾರದು ಎಂದರು. ಆ ಸಂಜೆ ಪೃಥ್ವಿರಾಜ್ ಅವಳನ್ನು ಕಟ್ಟಡದಡಿ ಖಾಲಿ ಬಿಟ್ಟ ವಾಯ್ಡ್ ಡೆಕ್‌ವರೆಗೆ ಬಿಡುವ ನೆಪದಲ್ಲಿ ಇಳಿದು ಬಂದ. ಅವನೇನು ಕೆಟ್ಟವನಲ್ಲ, ಹೆದರಿದವನು. ಹೆದರಿದವರ ಮಾತು ಯಾವಾಗಲೂ ಸ್ವಲ್ಪ ಒರಟೇ.

“ಸಿಸ್ಟರ್, ಡೋಂಟ್ ಮಿಸ್ಟೇಕ್ ಮಿ. ಪಪ್ಪ ನಿಮ್ಮ ಹತ್ರ ಕೋಆಪರೇಟ್ ಮಾಡ್ತಿಲ್ಲ. ಈ ವೀಕ್ ನೋಡ್ತೀನಿ. ಇಂಪ್ರೂವ್ ಆಗ್ಲಿಲ್ಲ ಅಂದ್ರೆ ಬೇರೆ ನರ್ಸ್ ಕೇಳ್ಬೇಕಾಗತ್ತೆ.”

ಆ ವಾರದ ಕೊನೆಗೆ ಅಮಾವಾಸ್ಯೆ.

ಅವಳ ಬಾಡಿಗೆ ಕೋಣೆ ಅಲ್ಲೇ ಎರಡು ಬ್ಲಾಕ್ ಆಚೆ. ನಡೆದು ಹೋಗುತ್ತ ಅಮ್ಮನಿಗೆ ಫೋನ್ ಮಾಡಿದಳು. ಕೆಲಸ ಹೋಗುವಂತಿದೆ ಎಂದು ಹೇಳಲು ಬಾಯಿ ಬರಲಿಲ್ಲ. “ಅಮ್ಮ, ಈ ಸಲ ಪಾಲೆ?” ಎಂದು ಕೇಳಿದಳು.

“ತರುವವರು ಯಾರಿದ್ದಾರೆ ಮಗಾ? ಮಿಲ್ಲಿನ ಉಮೇಶ ಒಂದು ಲೋಟ ಕೊಡ್ತೇನೆ ಅಂದಿದ್ದಾನೆ. ನಂಗೆ ಬೇಡ ಅಂದೆ,” ಎಂದಳು ಅಮ್ಮ.

ಆಗಲೇ ಅವಳಿಗೆ ಆ ಮಹಾ ಬುದ್ಧಿ ಹೊಳೆದದ್ದು. ಪಾಲೆ ಕಷಾಯ ಎಂದರೆ ಏನು? ಕಹಿ, ಮತ್ತೆ ಒಗ್ಗರಣೆಯ ಘಮ. ಎಪ್ಪತ್ತು ದಾಟಿದ, ಸ್ಟ್ರೋಕ್ ಆದ ನಾಲಗೆಗೆ ಹೆಚ್ಚೇನು ಗೊತ್ತಾಗುತ್ತದೆ? ಇಂಡಿಯನ್ ಅಂಗಡಿಯಿಂದ ಊರಿನ ಜಾತಿಯ ಹಾಗಲಕಾಯಿ ತಂದು ಅರೆದು ರಸ ತೆಗೆದು, ಓಮ, ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಕುದಿಸಿದರೆ ಆಯಿತು. ಹಾಗಲಕಾಯಿ ಪಲ್ಯ ಅವರು ವಾರಕ್ಕೊಮ್ಮೆ ತಿನ್ನುವುದೇ, ಅದರಲ್ಲಿ ಅಪಾಯವಿಲ್ಲ. ಮುದುಕನಿಗೆ ಸಮಾಧಾನ, ಕೈಗೆ ವ್ಯಾಯಾಮ, ತನಗೆ ಕೆಲಸ. ನಗಬೇಡಿ. ಇಪ್ಪತ್ತೇಳನೇ ವಯಸ್ಸಿನಲ್ಲಿ, ಪರದೇಶದಲ್ಲಿ, ಯಾರಿಗೂ ಹೇಳಿಕೊಳ್ಳಲಾಗದೆ ಇದ್ದಾಗ ನಿಮಗೂ ಇಂಥದ್ದೇ ಹೊಳೆಯುತ್ತಿತ್ತು.

ಅಮಾವಾಸ್ಯೆಯ ಬೆಳಗ್ಗೆ ಅವಳು ಎಂದಿಗಿಂತ ಬೇಗ ಬಂದಳು. ಫ್ಲಾಸ್ಕಿನಲ್ಲಿ ಬಿಸಿಬಿಸಿ ಕಷಾಯ. ಮನೆಯವರೆಲ್ಲ ಮಲಗಿದ್ದರು. ತನ್ನ ಹತ್ತಿರವಿದ್ದ ಕೀಯಿಂದ ಬಾಗಿಲು ತೆಗೆದು ನೋಡಿದರೆ ಉಗ್ಗಪ್ಪ ಆಗಲೇ ಎದ್ದು ಕೂತಿದ್ದಾರೆ. ಮುಖ ತೊಳೆದಿದ್ದಾರೆ. ಒಂದೇ ಕೈಯಲ್ಲಿ ಹೇಗೆ ಉಟ್ಟರೋ, ಬಿಳಿ ಪಂಚೆ ಉಟ್ಟಿದ್ದಾರೆ. ಅದನ್ನು ಕಂಡು ಅವಳಿಗೆ ಫ್ಲಾಸ್ಕನ್ನು ಬ್ಯಾಗಿಗೆ ವಾಪಸು ಹಾಕೋಣ ಎನಿಸಿತು. ಆದರೂ ಸ್ಟೀಲ್ ಲೋಟಕ್ಕೆ ಬಗ್ಗಿಸಿ ಮುಂದೆ ಹಿಡಿದಳು.

“ಅಜ್ಜ, ಪಾಲೆ.”

ಉಗ್ಗಪ್ಪ ಲೋಟ ಮುಟ್ಟಲಿಲ್ಲ. ಬಗ್ಗಿ ಒಮ್ಮೆ ಮೂಸಿದರು ಅಷ್ಟೇ.

“ಹಾಗಲಕಾಯಿ,” ಎಂದರು.

ಯಶ್ಮಿತಾಳಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು. ಉಗ್ಗಪ್ಪನ ಮುಖ ಕೆಂಪಾಯಿತು.

“ನನ್ನನ್ನು ಎಂತ ಅಂದ್ಕೊಂಡಿದ್ದೀ ನೀನು? ನಾನು ಕುಡಿಲಿಕ್ಕೆ ಸಾಯ್ತಾ ಇದ್ದೇನೆ ಅಂತಲಾ? ಆ ಮಾತ್ರೆ ನುಂಗ್ಲಿಕ್ಕೆ ಶುರುಮಾಡಿ ಆರು ವರ್ಷ ಆಯ್ತು. ಉಡುಪಿಯ ಡಾಕ್ಟ್ರು ಅವತ್ತೇ ಹೇಳಿದ್ರು, ಪಾಲೆ ಬಿಡಿ ಅಂತ. ಬಿಟ್ಟಿದ್ದೇನೆ. ಆರು ವರ್ಷದಿಂದ ಒಂದು ತೊಟ್ಟು ಕುಡಿಲಿಲ್ಲ!”

“ಮತ್ತೆ?” ಎಂದಳು ಅವಳು.

“ಮತ್ತೆ ಎಂತ ಮತ್ತೆ! ಕುಡಿಸ್ಲಿಕ್ಕೆ!” ಎಂದರು ಉಗ್ಗಪ್ಪ. “ಮೂವತ್ತು ವರ್ಷ ಅಮಾವಾಸ್ಯೆಯ ಫಸ್ಟ್ ಟ್ರಿಪ್ಪಿಗೆ ನಾನು ಪಾಲೆ ಕ್ಯಾನ್ ಹಿಡ್ಕೊಂಡೇ ಬಸ್ ಹತ್ತಿದ್ದು ಗೊತ್ತುಂಟಾ? ಮೊದ್ಲು ಬಾಯಿ ತೆರಿ, ಆಮೇಲೆ ಟಿಕೆಟ್. ಕಾಲೇಜು ಮಕ್ಕಳು, ಮೀನಿನ ಹೆಂಗಸರು, ಬ್ಯಾಂಕಿನವರು, ಯಾರನ್ನೂ ಬಿಡ್ಲಿಲ್ಲ. ಮೂವತ್ತು ವರ್ಷ ಊರಿಗೆಲ್ಲ ಈ ಕೈಯಲ್ಲಿ ಕುಡಿಸಿದ್ದೇನೆ. ಈಗ ನೋಡಿದ್ರೆ ಬೆಳಗ್ಗೆಯಿಂದ ರಾತ್ರಿಯವರೆಗೆ ಎಲ್ಲರೂ ನನ್ನ ಬಾಯಿಗೇ ಹಾಕುದು. ಮಾತ್ರೆ ಹಾಕು, ಗಂಜಿ ಹಾಕು, ನೀರು ಹಾಕು. ಆ ಪುಟ್ಟಿಗೆ ಎಂಟು ವರ್ಷ ಆಯ್ತು, ಅವಳ ಅಜ್ಜನ ಕೈಯಿಂದ ಒಂದು ತೊಟ್ಟು ಪಾಲೆ ಹೋಗ್ಲಿಲ್ಲ ಅವಳ ಹೊಟ್ಟೆಗೆ. ಮುಂದಿನ ವರ್ಷಕ್ಕೆ ನಾನು ಉಂಟೋ ಇಲ್ವೋ.”

ಅಷ್ಟು ಹೇಳಿ ಮುದುಕ ಅತ್ತುಬಿಟ್ಟರು. ಒಂದು ಬದಿಯ ಮುಖ ಮಾತ್ರ ಅಳುತ್ತಿತ್ತು, ಇನ್ನೊಂದು ಬದಿ ಸುಮ್ಮನಿತ್ತು.

ಯಶ್ಮಿತಾಳಿಗೆ ನಾಚಿಕೆಯಾಯಿತು. ಎರಡು ತಿಂಗಳಿಂದ ಇವರ ನಾಡಿ ನೋಡಿದ್ದಾಳೆ, ಬಿಪಿ ನೋಡಿದ್ದಾಳೆ, ತಿಂದದ್ದು ಉಂಡದ್ದು ನೋಡಿದ್ದಾಳೆ. ನಿಮಗೆ ಏನು ಬೇಕು ಎಂದು ಕೂತು ಕೇಳಿರಲಿಲ್ಲ. ಅವಳು ಕಿಟಕಿಯ ಪರದೆ ಸರಿಸಿ ಹೊರಗೆ ನೋಡಿದಳು. ಇನ್ನೂ ಕತ್ತಲಿತ್ತು. ಈ ಊರಿನ ಸೂರ್ಯ ಮಹಾ ಸೋಮಾರಿ, ವರ್ಷವಿಡೀ ಏಳು ಗಂಟೆಯ ಸುಮಾರಿಗೆ ಏಳುವುದು.

ಅವಳು ಫ್ಲಾಸ್ಕು ಮತ್ತು ಲೋಟವನ್ನು ತಂದು ಉಗ್ಗಪ್ಪನ ಮುಂದಿನ ಮೇಜಿನ ಮೇಲಿಟ್ಟಳು. “ಹಾಗಾದ್ರೆ ಕುಡಿಸಿ ಅಜ್ಜ. ಬೆಳಕು ಆಗ್ಲಿಲ್ಲ ಇನ್ನೂ.”

“ಇದನ್ನಾ? ಈ ಹಾಗಲಕಾಯಿ ಸಾರನ್ನಾ?”

“ಪಾಲೆ ತರ್ಲಿಕ್ಕೆ ನಂಗೆ ಆಗ್ಲಿಲ್ಲ. ಕಹಿ ಮಾತ್ರ ಉಂಟು. ರುಚಿ ನೋಡಿಯೇ ತಂದದ್ದು, ಬೇಕಾದಷ್ಟು ಉಂಟು.”

ಉಗ್ಗಪ್ಪ ಕಣ್ಣೊರೆಸಿಕೊಂಡರು. ಲೋಟವನ್ನು ಇನ್ನೊಮ್ಮೆ ಮೂಸಿದರು. ಮೂಗು ಮುರಿದರು. ಒಗ್ಗರಣೆಗೆ ಬೆಳ್ಳುಳ್ಳಿ ಸಾಲದು ಎಂದರು. ಆಮೇಲೆ ಎಡಗೈಯಿಂದ ಬಲಗೈಯನ್ನು ಎತ್ತಿ ಮೇಜಿನ ಮೇಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಲೋಟದ ಸುತ್ತ ಕೂರಿಸಿದರು. ಎಡಗೈಯಲ್ಲಿ ಯಾರಾದರೂ ಕುಡಿಸುತ್ತಾರೆಯೇ? “ಎಬ್ಬಿಸು ಎಲ್ಲರನ್ನೂ,” ಎಂದರು.

ಎಬ್ಬಿಸಬೇಕಾಗಲಿಲ್ಲ. ಮಾತಿನ ಸದ್ದಿಗೆ ಪೃಥ್ವಿರಾಜ್ ಬಾಗಿಲಲ್ಲಿ ನಿಂತಿದ್ದ. ಕೂದಲು ಕೆದರಿಕೊಂಡು, ಕಣ್ಣು ಉಜ್ಜಿಕೊಂಡು, ಓಮ ಬೆಳ್ಳುಳ್ಳಿಯ ವಾಸನೆಗೆ ಒಮ್ಮೆಲೇ ಎಚ್ಚರಾಗಿ ಕೂಗಿದ.

“ಸಿಸ್ಟರ್! ವಾಟ್ ಈಸ್ ದಿಸ್? ನಾನು ಅಷ್ಟು ಕ್ಲಿಯರ್ ಆಗಿ ಹೇಳಿದ್ದೆ ತಾನೆ? ಈಗ್ಲೇ ಏಜೆನ್ಸಿಗೆ ಕಾಲ್...”

“ಬಾಯಿ ತೆರಿ,” ಎಂದರು ಉಗ್ಗಪ್ಪ.

ಅದು ಈ ಎರಡು ತಿಂಗಳಲ್ಲಿ ಯಶ್ಮಿತಾ ಕೇಳಿದ ದನಿಯಲ್ಲ. ತುಂಬಿದ ಬಸ್ಸಿನ ಹಿಂದಿನ ಬಾಗಿಲಿಂದ ಡ್ರೈವರನವರೆಗೆ ಮುಟ್ಟುವ ದನಿ. ನಲವತ್ತು ದಾಟಿದ ಪೃಥ್ವಿರಾಜ್, ಕೈಯಲ್ಲಿ ಫೋನು ಹಿಡಿದವನು, ಬಾಯಿ ತೆರೆದ. ತೆರೆದದ್ದು ಅವನಿಗೇ ಗೊತ್ತಾಗಲಿಲ್ಲ. ಮಂಚದ ಹತ್ತಿರ ಬಂದು ಮಂಡಿಯೂರಿ ಕೂತ. ಉಗ್ಗಪ್ಪನ ಬಲಗೈ ನಡುಗುತ್ತ ನಡುಗುತ್ತ ಮೇಲೆ ಬಂತು, ನಡುವೆ ಒಮ್ಮೆ ನಿಂತಿತು, ಮತ್ತೆ ಹೊರಟಿತು. ಅರ್ಧ ಪೃಥ್ವಿರಾಜ್‌ನ ಬಾಯಿಗೆ, ಅರ್ಧ ಟೀಶರ್ಟಿಗೆ. ಅವನು ನುಂಗಿ ಮುಖ ಕಿವುಚಿದ. ಆಮೇಲೆ ಆ ಟೀಶರ್ಟಿನಲ್ಲೇ ಅಪ್ಪನ ಮಂಡಿಗೆ ಹಣೆ ಹಚ್ಚಿ ಕೂತುಬಿಟ್ಟ. ಫೋನು ನೆಲದ ಮೇಲಿತ್ತು.

“ಪಪ್ಪ, ಇದು ಪಾಲೆ ಅಲ್ಲ ಅಲ್ವಾ?” ಎಂದ ಸ್ವಲ್ಪ ಹೊತ್ತಿನ ಮೇಲೆ.

“ಸುಮ್ನೆ ಕೂತ್ಕೊ. ನಿಂಗೆಂತ ಗೊತ್ತುಂಟು,” ಎಂದರು ಉಗ್ಗಪ್ಪ.

ನಿಶ್ಚಿತಾ ಬಂದಳು, ಏನು ಎತ್ತ ಎಂದು ಕೇಳದೆ ಕುಡಿದಳು, “ಅಯ್ಯಪ್ಪಾ! ಏನ್ರೀ ಇದು!” ಎಂದು ಅಡುಗೆಮನೆಗೆ ಸಕ್ಕರೆ ಹುಡುಕಿಕೊಂಡು ಓಡಿದಳು. ಭೂಮಿಯನ್ನು ಎಳೆದುಕೊಂಡೇ ಬರಬೇಕಾಯಿತು. “ಅಜ್ಜ, ನಂಗೆ ಬೇಡ ಲಾ! ಸ್ಮೆಲ್ಲೇ ಬಿಟರ್ ಲಾ!” ಎಂದು ಕುಣಿದಾಡಿದಳು. ಉಗ್ಗಪ್ಪ ಎಡಗೈಯಿಂದ ಅವಳ ಮೂಗು ಹಿಡಿದು ಬಲಗೈಯಿಂದ ಹೊಯ್ದರು. ಆ ಹುಡುಗಿ ಕೂಗಿದ ಕೂಗಿಗೆ ಪಕ್ಕದ ಫ್ಲಾಟಿನ ಚೀನೀ ಆಂಟಿ ಬಾಗಿಲು ತೆಗೆದು ನೋಡಿದರಂತೆ. ಉಗ್ಗಪ್ಪ ನಗುತ್ತಿದ್ದರು. ಎಷ್ಟೋ ದಿನಗಳ ಮೇಲೆ ಮನೆಯವರು ಆ ನಗು ಕೇಳಿದ್ದು.

ಯಶ್ಮಿತಾ ಖಾಲಿ ಲೋಟ ತೊಳೆಯಲೆಂದು ಕೈ ಚಾಚಿದಳು. ಉಗ್ಗಪ್ಪ ಕೊಡಲಿಲ್ಲ.

“ನೀನು?”

“ನಂಗೆ ಬೇಡ ಅಜ್ಜ. ನಾವು ಡ್ಯೂಟಿಯಲ್ಲಿ ಏನೂ ತಗೊಳ್ಳುವ ಹಾಗಿಲ್ಲ.”

“ನಿಮ್ಮಲ್ಲಿ ಯಾರು ಕೊಡುದು?”

“ಅಪ್ಪ.”

“ಈಗ?”

ಅವಳು ನೆಲ ನೋಡಿದಳು. ಉಗ್ಗಪ್ಪ ಫ್ಲಾಸ್ಕಿನಲ್ಲಿ ಉಳಿದದ್ದನ್ನೆಲ್ಲ ಲೋಟಕ್ಕೆ ಬಗ್ಗಿಸುವಂತೆ ಮಗನಿಗೆ ಸನ್ನೆ ಮಾಡಿದರು. ಉಳಿದವರಿಗೆ ಕೊಟ್ಟದ್ದಕ್ಕಿಂತ ಹೆಚ್ಚೇ ಇತ್ತು. ಅವಳು ಮಂಚದ ಪಕ್ಕ ಕೂತಳು. ಕೈ ಅಷ್ಟು ಹೊತ್ತಿಗೆ ಸೋತಿತ್ತು, ಲೋಟ ವಾಲುತ್ತಿತ್ತು. ಅಭ್ಯಾಸಬಲದಿಂದ ಯಶ್ಮಿತಾ ಆ ಕೈಗೆ ಕೆಳಗಿನಿಂದ ಆಸರೆ ಕೊಡಲು ಹೋದಳು.

“ಕೈ ತೆಗಿ,” ಎಂದರು ಉಗ್ಗಪ್ಪ. “ನಾನು ಕೊಡುದು.”

ಅವಳು ಕೈ ತೆಗೆದಳು. ಬಾಯಿ ತೆರೆದಳು. ಕಹಿ ಎಂದರೆ ಅಂಥಿಂಥ ಕಹಿಯಲ್ಲ, ತಾನೇ ಕುದಿಸಿದ್ದು, ಆದರೂ ಕಿವಿಯವರೆಗೆ ಏರಿತು. ಗಲ್ಲದ ಮೇಲೆ ಇಳಿದು ಯೂನಿಫಾರ್ಮಿನ ಕೊರಳಿಗೆ ಹೋಯಿತು. ಲೋಟ ಖಾಲಿಯಾಗುವವರೆಗೆ ಉಗ್ಗಪ್ಪ ಬಿಡಲಿಲ್ಲ, ಅವಳೂ ಬಾಯಿ ಮುಚ್ಚಲಿಲ್ಲ. ಅಳುತ್ತಿದ್ದಳು. ಮನೆಯವರೆಲ್ಲ ಅದು ಹಾಗಲಕಾಯಿಗೆ ಎಂದೇ ತಿಳಿದುಕೊಂಡರು.

ಏಜೆನ್ಸಿಗೆ ಯಾರೂ ಫೋನು ಮಾಡಲಿಲ್ಲ. ಮೂರು ತಿಂಗಳಾದ ಮೇಲೆ ಅವಳನ್ನು ಸೆರಂಗೂನ್‌ಗೆ ಹಾಕಿದರು, ಅಲ್ಲಿಂದ ಇನ್ನೆಲ್ಲಿಗೋ. ಉಗ್ಗಪ್ಪ ಊರಿಗೆ ಹೋದರು ಎಂದು ಕೇಳಿದಳು, ಮತ್ತೆ ಎರಡು ವರ್ಷಕ್ಕೆ ಇಲ್ಲವಾದರು ಎಂದೂ ಕೇಳಿದಳು. ಯಶ್ಮಿತಾ ಬೆಳಗಾದರೆ ಯಾರದೋ ಬಾಯಿಗೆ ಚಮಚ ಹಿಡಿಯುತ್ತಾಳೆ, ಸಂಜೆಗೆ ಇನ್ನೊಬ್ಬರದಕ್ಕೆ. ಅವಳ ಬಾಯಿಗೆ ಏನಾದರೂ ಹಿಡಿದವರು ಆಮೇಲೆ ಯಾರೂ ಇಲ್ಲ.